ಲ್ಯಾಬ್ ಇಲ್ಲದ ಕಾಲೇಜಿನಲ್ಲಿ ಓದ್ತಾ ಇದ್ದೇನೆ, ರಿಸರ್ಚ್ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಸರ್, ನಮ್ಮದು ಇಂಡಿ ತಾಲ್ಲೂಕು. ವಿಜಯಪುರದಲ್ಲಿ ಬಿಎಸ್ಸಿ ಎರಡನೇ ವರ್ಷ, ಬಾಟನಿ-ಕೆಮಿಸ್ಟ್ರಿ. ನಮ್ಮ ಕಾಲೇಜಿನಲ್ಲಿ ಮೈಕ್ರೋಸ್ಕೋಪ್‌ಗೂ ಸರದಿ ನಿಲ್ಲಬೇಕು. ಹೋದ ತಿಂಗಳು ದೊಡ್ಡ ದೊಡ್ಡ ಸಂಸ್ಥೆಗಳ 40 ಪ್ರೊಫೆಸರ್‌ಗಳಿಗೆ ಒಂದೇ ಮೇಲ್ ಹಾಕಿದೆ, ‘ನನಗೆ ಸಂಶೋಧನೆಯಲ್ಲಿ ತುಂಬಾ ಆಸಕ್ತಿ’ ಅಂತ. ಒಬ್ಬರೂ ಉತ್ತರ ಕೊಡಲಿಲ್ಲ. ಅಂಕ 68 ಪರ್ಸೆಂಟ್. ಶನಿವಾರ-ಭಾನುವಾರ ಊರಿಗೆ ಹೋಗಿ ನಮ್ಮ ಎರಡು ಎಕರೆ ನಿಂಬೆ ತೋಟದಲ್ಲಿ ಕೆಲಸ ಮಾಡ್ತೇನೆ, ಟೈಮೂ ಕಮ್ಮಿ.

ಉತ್ತರ: 22 ವರ್ಷ ಬಾಟನಿ ಪಾಠ ಮಾಡಿದ್ದೇನೆ, ಪಿಎಚ್‌ಡಿ ಸಸ್ಯರೋಗದಲ್ಲಿ. ಇಂಥ ಮೇಲ್ ನನಗೂ ವಾರಕ್ಕೆ ಒಂದಾದರೂ ಬರುತ್ತೆ, ಓದಿ ಬಿಡುತ್ತೇನೆ ಅಷ್ಟೇ. ಆಸಕ್ತಿ ಇದೆ ಅಂದರೆ ನಾನು ಏನು ಮಾಡಲಿ ಹೇಳಿ? ಏನು ನೋಡಿದಿರಿ, ಏನು ಅರ್ಥ ಆಗಲಿಲ್ಲ ಅಂತ ಬರೆದರೆ ಉತ್ತರ ಕೊಡಬಹುದು. ಎರಡು ಎಕರೆ ನಿಂಬೆ ಇಟ್ಟುಕೊಂಡು ಲ್ಯಾಬ್ ಇಲ್ಲ ಅಂತೀರಲ್ಲ!

ತೋಟಕ್ಕೆ ಹೋದಾಗ ಎಳೆ ಎಲೆ ತಿರುಗಿಸಿ ನೋಡಿ. ಬೆಳ್ಳಿ ಬಣ್ಣದ ಸೊಟ್ಟ ಗೆರೆ ಇದ್ದರೆ ಅದು ರಂಗೋಲಿ ಹುಳುವಿನ ಕೆಲಸ. ಕಂದು ಬಣ್ಣದ, ಬೆರಳಿಗೆ ಒರಟಾಗಿ ತಾಗುವ, ಸುತ್ತ ಹಳದಿ ಉಂಗುರ ಇರುವ ಚುಕ್ಕೆ ಇದ್ದರೆ ಕಜ್ಜಿ ರೋಗ, ಅದು ಬ್ಯಾಕ್ಟೀರಿಯಾದಿಂದ ಬರೋದು. ಹುಳು ಕೊರೆದ ಗಾಯದ ಮೂಲಕ ಬ್ಯಾಕ್ಟೀರಿಯಾ ಸುಲಭವಾಗಿ ಒಳಗೆ ಹೋಗುತ್ತೆ ಅನ್ನೋದು ಗೊತ್ತಿರುವ ವಿಷಯ. ಆದರೆ ನಿಮ್ಮ ತೋಟದಲ್ಲಿ, ಈ ಮಳೆಗಾಲದಲ್ಲಿ, ಎಷ್ಟರ ಮಟ್ಟಿಗೆ? ಅದನ್ನು ಯಾರೂ ಎಣಿಸಿಲ್ಲ.

10 ಗಿಡ ಆರಿಸಿ. ಚೆನ್ನಾಗಿರೋದನ್ನೇ ಆರಿಸಬೇಡಿ, ಚೀಟಿ ಎತ್ತಿ. ಪ್ರತಿ ಗಿಡದ ನಾಲ್ಕು ದಿಕ್ಕಿಗೆ ಒಂದೊಂದು ಟೊಂಗೆ, ಟೊಂಗೆಗೆ 25 ಎಲೆ, ಒಟ್ಟು 1000 ಎಲೆ ಆಯ್ತು. ನೋಟ್‌ಬುಕ್ಕಿನಲ್ಲಿ ನಾಲ್ಕು ಮನೆ ಹಾಕಿ: ಗೆರೆ-ಚುಕ್ಕೆ ಎರಡೂ ಇದೆ, ಗೆರೆ ಮಾತ್ರ, ಚುಕ್ಕೆ ಮಾತ್ರ, ಎರಡೂ ಇಲ್ಲ. ಹದಿನೈದು ದಿನಕ್ಕೊಮ್ಮೆ ಎಣಿಸಿ. ಸ್ಟ್ಯಾಟಿಸ್ಟಿಕ್ಸ್‌ನವರ ಹತ್ತಿರ ಹೋಗಿ ಕೈ-ಸ್ಕ್ವೇರ್ ಟೆಸ್ಟ್ ಕೇಳಿ, ಗೆರೆಗೂ ಚುಕ್ಕೆಗೂ ನಿಜಕ್ಕೂ ಸಂಬಂಧ ಇದೆಯಾ ಅಂತ ನೋಡುವ ಲೆಕ್ಕ ಅದು, ಅರ್ಧ ಗಂಟೆಯ ಕೆಲಸ.

ಬಿಡಿ ಹಾಳೆಯಲ್ಲಿ ಮಾತ್ರ ಬರೆಯಬೇಡಿ. ನಾನು ಡಿಗ್ರಿಯಲ್ಲಿದ್ದಾಗ ಒಂದು ತಿಂಗಳ ಲೆಕ್ಕವನ್ನು ಹಾಳೆಗಳಲ್ಲಿ ಬರೆದು ಸೈಕಲ್ ಕ್ಯಾರಿಯರ್‌ಗೆ ಸಿಕ್ಕಿಸಿದ್ದೆ. ದಾರಿಯಲ್ಲಿ ಮಳೆ. ಮನೆಗೆ ಬಂದು ಬಿಡಿಸಿದರೆ ನೀಲಿ ಇಂಕಿನ ಕಲೆ ಬಿಟ್ಟು ಏನೂ ಇರಲಿಲ್ಲ. ಪೆನ್ಸಿಲ್ ಬಳಸಿ, ಸಂಜೆ ಫೋಟೋ ತೆಗೆದಿಟ್ಟುಕೊಳ್ಳಿ.

ಎರಡು ತಿಂಗಳ ಲೆಕ್ಕ ಆದಮೇಲೆ ಮೇಲ್ ಬರೆಯಿರಿ, 40 ಜನಕ್ಕಲ್ಲ, ಇಬ್ಬರಿಗೆ. ಹಿಟ್ನಳ್ಳಿಯ ಕೃಷಿ ಕಾಲೇಜು ಪಕ್ಕದಲ್ಲೇ ಇದೆ, ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಬರೆಯುವ ಮುಂಚೆ ಥೀಸಿಸ್‌ಗಳನ್ನು ಇಡುವ ಕೃಷಿಕೋಶ, ಶೋಧಗಂಗಾ ವೆಬ್‌ಸೈಟ್‌ಗಳಲ್ಲಿ ನಿಂಬೆ ಬಗ್ಗೆ ಒಂದು ಥೀಸಿಸ್ ತೆಗೆದು ಓದಿ, ದುಡ್ಡು ಕೊಡಬೇಕಾಗಿಲ್ಲ. ಪೂರ್ತಿ ಅರ್ಥ ಆಗಲ್ಲ, ವಿಧಾನದ ಅಧ್ಯಾಯ ಅರ್ಥ ಆದರೂ ಸಾಕು.

ದೊಡ್ಡ ಸಂಸ್ಥೆ ನೋಡಬೇಕು ಅಂದರೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ ಇದೆ. ಅದಕ್ಕೆ ನಿಮ್ಮನ್ನು ಬಲ್ಲ ಮೇಷ್ಟ್ರ ಪತ್ರ ಬೇಕು, ಏನು ಮಾಡ್ತೀರಿ ಅಂತ ನೀವೇ ಬರೆಯಬೇಕು. ಎಲೆ ಎಣಿಸಿದ ನೋಟ್‌ಬುಕ್ ಆಗ ಕೆಲಸಕ್ಕೆ ಬರುತ್ತೆ.

ಇನ್ನೊಬ್ಬರ ಪ್ರಶ್ನೆ (ಬೆಳಗಾವಿಯಿಂದ): ಸರ್, ದುಡ್ಡು ಕಟ್ಟಿದರೆ ಒಂದೇ ವಾರದಲ್ಲಿ ಜರ್ನಲ್‌ನಲ್ಲಿ ರಿಸರ್ಚ್ ಪೇಪರ್ ಹಾಕ್ತೀವಿ ಅಂತ ವಾಟ್ಸಾಪ್ ಬಂದಿದೆ. ನಾನು ಇಂಜಿನಿಯರಿಂಗ್ ಕೊನೇ ವರ್ಷ.

ಉತ್ತರ: ಕಟ್ಟಬೇಡಿ. ಯಾರಾದರೂ ಸರಿಯಾಗಿ ಓದಿ ತಪ್ಪು ಹುಡುಕೋದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತೆ, ವಾರದಲ್ಲಿ ಬಂತು ಅಂದರೆ ಯಾರೂ ಓದಿಲ್ಲ ಅಂತಲೇ ಅರ್ಥ. ನಿಮ್ಮಂಥ ಕೊನೇ ವರ್ಷದವರ ಪ್ರಾಜೆಕ್ಟ್‌ಗೆ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯೇ ದುಡ್ಡು ಕೊಡುವ ಯೋಜನೆ ಇದೆ. ಗೈಡ್ ಹತ್ತಿರ ಕೇಳಿ, ಕಾಲೇಜಿನ ಮೂಲಕ ಅರ್ಜಿ ಹೋಗಬೇಕು.

ಮೊದಲು ಕೇಳಿದವರು: ಸರ್, ನಿನ್ನೆ ಚೀಟಿ ಎತ್ತಿ 10 ಗಿಡಕ್ಕೆ ಕೆಂಪು ದಾರ ಕಟ್ಟಿದೆ. ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಅದರಲ್ಲಿ 6ಕ್ಕೆ ಔಷಧಿ ಹೊಡೆದುಬಿಟ್ಟಿದ್ದಾರೆ! ಎಲ್ಲ ಹಾಳಾಯ್ತಾ?

ಉತ್ತರ: ಏನೂ ಹಾಳಾಗಿಲ್ಲ, ಅಪ್ಪನ ಜೊತೆ ಜಗಳ ಆಡಬೇಡಿ. ಯಾವ ಔಷಧಿ, ಎಷ್ಟು ನೀರಿಗೆ ಎಷ್ಟು, ಯಾವ ತಾರೀಖು, ಮೂರೂ ಬರೆದುಕೊಳ್ಳಿ. ಈಗ ಹೊಡೆದ 6, ಹೊಡೆಯದ 4 ಅಂತ ಹೋಲಿಸಿ ನೋಡುವ ಆಸೆ ಬರುತ್ತೆ, ಅಲ್ವಾ? ಅದಕ್ಕೂ ಮುಂಚೆ ಆ ಆರನ್ನೇ ಯಾಕೆ ಆರಿಸಿದಿರಿ ಅಂತ ಅಪ್ಪನನ್ನು ಕೇಳಿ. ಕಜ್ಜಿ ಜಾಸ್ತಿ ಇದ್ದ ಗಿಡಕ್ಕೇ ಹೊಡೆದಿದ್ದರೆ, ಔಷಧಿ ಹೊಡೆದದ್ದಕ್ಕೇ ರೋಗ ಹೆಚ್ಚಾಯ್ತು ಅಂತ ನಿಮ್ಮ ಲೆಕ್ಕ ಹೇಳುತ್ತೆ! ಅಪ್ಪ ಏನಂದರು ಅಂತ ಇಲ್ಲೇ ಬರೆಯಿರಿ.