ಗುಳಿಯ ಆಳ ತಾನಾಗಿ ಜಾಸ್ತಿ ಆಗ್ತಿದೆ, ಅಂಚಿನಲ್ಲಿ ಟ್ರಿಮ್ಮರ್ ಓಡಿ ಹೋಗ್ತಿದೆ: ಏನು ಮಾಡಲಿ?

ಪ್ರಶ್ನೆ

ನಮಸ್ಕಾರ. ಅಕ್ಕನ ಮಗಳ ಗೃಹಪ್ರವೇಶಕ್ಕೆ ಕೊಡೋಣ ಅಂತ ಹಲಸಿನ ಮರದಲ್ಲಿ ಅಳಗುಳಿಮಣೆ ಮಾಡುತ್ತಿದ್ದೇನೆ. ಹಲಗೆ 30 ಮಿ.ಮೀ. ದಪ್ಪ. ಎರಡು ಸಾಲು, ಸಾಲಿಗೆ ಏಳರಂತೆ 14 ಗುಳಿ. ನನ್ನ ಹತ್ತಿರ ಇರುವುದು ಸಣ್ಣ ಟ್ರಿಮ್ಮರ್ ರೂಟರ್ (ತಿರುಗುವ ಬಿಟ್, ಅಂದರೆ ಅಲಗು, ಹಾಕಿ ಮರ ತೋಡುವ ಕೈಯಂತ್ರ), ವೇಗ 30,000 ಆರ್‌ಪಿಎಂ. ಪ್ಲೈವುಡ್ಡಿನಲ್ಲಿ ಅಚ್ಚು ಕತ್ತರಿಸಿಕೊಂಡು, ಮೂತಿ ದುಂಡಗಿರುವ ಬಿಟ್ ಹಾಕಿ ಗುಳಿ ತೋಡಿದೆ.

ಮೊದಲ ಗುಳಿ 12 ಮಿ.ಮೀ. ಆಳ ಬಂತು. ಐದನೆಯದು 14, ಆರನೆಯದು 16! ಆಳದ ಸ್ಕ್ರೂ ನಾನು ಮುಟ್ಟಿಯೇ ಇಲ್ಲ. ಅಲ್ಲಿಗೆ ನಿಲ್ಲಿಸಿ, ಬೇರೆ ಬಿಟ್ ಹಾಕಿ ಅಂಚು ದುಂಡಗೆ ಮಾಡಲು ಹೊರಟೆ. ಯಂತ್ರ ಕೈಯಿಂದ ಕಿತ್ತುಕೊಂಡ ಹಾಗೆ ಅಂಚಿನುದ್ದಕ್ಕೂ ಓಡಿತು. ಹಲಗೆಗೆ ಕಚ್ಚು ಬಿತ್ತು. ಕೈಗೆ ಏನೂ ಆಗಲಿಲ್ಲ, ಆದರೆ ಮತ್ತೆ ಆನ್ ಮಾಡಲು ಭಯ. ಯಂತ್ರ ಕೆಟ್ಟಿದೆಯಾ?

ಉತ್ತರ

ಮೊದಲು ಪ್ಲಗ್ ಕಿತ್ತಿಡಿ ಮೇಡಂ. ಸ್ವಿಚ್ ಆಫ್ ಮಾಡಿದರೆ ಸಾಲದು. ಮೂರು ವಿಷಯ ನೋಡಿ ಹೇಳಿ. ಗುಳಿ ತೋಡಿದ ಬಿಟ್ಟಿನ ಕಡ್ಡಿ, ಅಂದರೆ ಯಂತ್ರದೊಳಗೆ ಹೋಗುವ ಭಾಗ, ಎಷ್ಟು ದಪ್ಪ? ಅದನ್ನು ಹಿಡಿಯುವ ಕೊಲೆಟ್ ಮೇಲೆ ಏನು ಅಳತೆ ಬರೆದಿದೆ? ಅಂಚು ಮಾಡುವಾಗ ಯಂತ್ರವನ್ನು ಯಾವ ಕಡೆಗೆ ಒಯ್ದಿರಿ, ಹಲಗೆಯನ್ನು ಹೇಗೆ ಹಿಡಿದಿದ್ದಿರಿ?

ಕೇಳಿದವರು

ಬಿಟ್ ಮೇಲೆ 6 ಎಂಎಂ ಅಂತಿದೆ. ಕೊಲೆಟ್ ಮೇಲೆ 6.35. ಎರಡೂ ಒಂದೇ ಅಂದುಕೊಂಡಿದ್ದೆ. ಕಡ್ಡಿಯ ಮೇಲೆ ಕಂದು ಬಣ್ಣದ ಗೀರುಗಳಿವೆ. ಅಂಚಿನ ಬಿಟ್ ಮಾತ್ರ ಕಾಲು ಇಂಚಿನದೇ. ಹಲಗೆಯನ್ನು ಎಡಗೈಯಲ್ಲಿ ಒತ್ತಿ ಹಿಡಿದು, ನನ್ನ ಹತ್ತಿರದ ಅಂಚಿನಲ್ಲಿ ಬಲದಿಂದ ಎಡಕ್ಕೆ ತಂದೆ.

ಉತ್ತರ

ಯಂತ್ರ ಕೆಟ್ಟಿಲ್ಲ. ಎರಡಕ್ಕೂ ಕಾರಣ ನೀವೇ ಹೇಳಿಬಿಟ್ಟಿದ್ದೀರಿ.

ಆಳದ ವಿಷಯ ಮೊದಲು, ಯಾಕೆಂದರೆ ಅದೇ ಜಾಸ್ತಿ ಅಪಾಯದ್ದು. 6.35 ಮಿ.ಮೀ. ಅಂದರೆ ಕಾಲು ಇಂಚು. 6 ಎಂಎಂ ಕಡ್ಡಿ ಅದಕ್ಕಿಂತ 0.35 ಮಿ.ಮೀ. ಸಣ್ಣದು. ನಟ್ ಬಿಗಿ ಮಾಡಿದಾಗ ಹಿಡಿದ ಹಾಗೆ ಅನಿಸುತ್ತದೆ, ಆದರೆ ಕಡ್ಡಿಯ ಸುತ್ತಲೂ ಸಮನಾಗಿ ಹಿಡಿಯುವುದಿಲ್ಲ. ಕೆಲಸ ಮಾಡುತ್ತಾ ಅದುರಿ ಅದುರಿ ಬಿಟ್ ಕೆಳಗೆ ಜಾರುತ್ತದೆ. ಗುಳಿ ಆಳ ಆಗಿದ್ದು ಹಾಗೆ. ಆ ಕಂದು ಗೀರು ಜಾರಿದ್ದರ ಗುರುತು. ಇನ್ನೆರಡು ಗುಳಿ ಮುಂದುವರಿಸಿದ್ದರೆ ಬಿಟ್ ಹೊರಗೇ ಬರಬಹುದಿತ್ತು. ಸೆಕೆಂಡಿಗೆ 500 ಸುತ್ತು ತಿರುಗುವ ಉಕ್ಕಿನ ತುಂಡು ಅದು. ನೀವು ನಿಲ್ಲಿಸಿದ್ದು ಬಹಳ ಒಳ್ಳೆಯದಾಯಿತು.

ನಮ್ಮ ಕಡೆ ಅಂಗಡಿಗಳಲ್ಲಿ ಎರಡೂ ಅಳತೆಯ ಬಿಟ್ ಒಟ್ಟಿಗೇ ಸಿಗುತ್ತವೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ವರ್ನಿಯರ್ ಇಟ್ಟು ಅಳೆಯಿರಿ. 6 ಎಂಎಂ ಬಿಟ್ಟಿಗೆ 6 ಎಂಎಂ ಕೊಲೆಟ್ಟೇ ಬೇಕು. ಕಡ್ಡಿಗೆ ಟೇಪ್ ಸುತ್ತುವುದು, ಕಾಗದ ತುರುಕುವುದು ದಯವಿಟ್ಟು ಬೇಡ. ಈ ಬಿಟ್ಟಿನ ಕಡ್ಡಿ ಗೀರು ಬಿದ್ದು ಹಾಳಾಗಿದೆ, ಅದನ್ನು ಬಿಟ್ಟುಬಿಡಿ.

ಸರಿಯಾದ ಬಿಟ್ ಹಾಕುವಾಗ ಕೊಲೆಟ್ ಒಳಗಿನ ಹುಡಿಯನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಎಣ್ಣೆ ಹಾಕಬೇಡಿ. ಕಡ್ಡಿಯನ್ನು ಪೂರ್ತಿ ಒಳಗೆ ಬಿಟ್ಟು, ಆಮೇಲೆ 2 ಮಿ.ಮೀ. ಹೊರಗೆ ಎಳೆದು ಬಿಗಿ ಮಾಡಿ. ತಳಕ್ಕೆ ತಾಗಿಕೊಂಡಿದ್ದರೆ ಹಿಡಿತ ಸರಿ ಬರುವುದಿಲ್ಲ. ನಂತರ ಎರಡು ಕಡೆ ಮಾರ್ಕರ್ ಗೆರೆ ಎಳೆಯಿರಿ: ಒಂದು ಕಡ್ಡಿ ಮತ್ತು ಕೊಲೆಟ್ ಸೇರುವಲ್ಲಿ, ಇನ್ನೊಂದು ಮೋಟಾರ್ ಮತ್ತು ಬೇಸ್ (ಮರದ ಮೇಲೆ ಕೂರುವ ತಳ) ಸೇರುವಲ್ಲಿ. ರದ್ದಿ ಮರದಲ್ಲಿ ಒಂದು ಗುಳಿ ತೋಡಿ, ಪ್ಲಗ್ ತೆಗೆದು ನೋಡಿ. ಮೊದಲನೆಯದು ಸರಿದಿದ್ದರೆ ಕೊಲೆಟ್ ಸವೆದಿದೆ, ಬದಲಿಸಿ. ಎರಡನೆಯದು ಸರಿದಿದ್ದರೆ ಬೇಸಿನ ಲಾಕ್ ಸಡಿಲ.

ಇನ್ನು ಓಡಿ ಹೋದದ್ದು. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ನಿಮ್ಮ ಹತ್ತಿರದ ಅಂಚಿನಲ್ಲಿ ಅದರ ಹಲ್ಲು ಮರವನ್ನು ಕಚ್ಚಿ ಯಂತ್ರವನ್ನು ಎಡಕ್ಕೆ ತಳ್ಳುತ್ತದೆ. ನೀವೂ ಎಡಕ್ಕೇ ಒಯ್ದಿರಿ. ತಡೆಯುವುದಕ್ಕೆ ಏನೂ ಇಲ್ಲ, ಚಕ್ರದ ಹಾಗೆ ಉರುಳಿಕೊಂಡು ಹೋಯಿತು. ಅಲ್ಲಿ ಎಡದಿಂದ ಬಲಕ್ಕೆ ಹೋಗಬೇಕು, ಆಗ ನಿಮ್ಮ ಕೈಗೆ ಎದುರು ಒತ್ತಡ ಸಿಗುತ್ತದೆ.

ನಾನು ಹುಡುಗರಿಗೆ ದೇವಸ್ಥಾನದ ಲೆಕ್ಕದಲ್ಲಿ ಹೇಳಿಕೊಡುತ್ತೇನೆ. ಹಲಗೆಯ ಹೊರ ಅಂಚಿಗೆ ಅಪ್ರದಕ್ಷಿಣೆ, ಗುಳಿಯ ಒಳಗೋಡೆಗೆ ಪ್ರದಕ್ಷಿಣೆ. ಒಮ್ಮೆ ಕೇಳಿದವರು ಮರೆತದ್ದಿಲ್ಲ.

ಹಲಗೆಗೆ ಎರಡು ಕ್ಲಾಂಪ್ ಹಾಕಿ. ಎಡಗೈ ಹಲಗೆಯ ಮೇಲಿದ್ದರೆ, ಯಂತ್ರ ಓಡಿ ಹೋಗುವುದು ಆ ಕೈಯ ಕಡೆಗೇ ಅಲ್ವಾ? ಎರಡೂ ಕೈ ಯಂತ್ರದ ಮೇಲೆ ಇರಲಿ.

ಇನ್ನೊಬ್ಬರು

ಮೇಲಿನವರು ಹೇಳಿದ್ದೆಲ್ಲ ಸರಿ. ನನ್ನದೊಂದು ಪ್ರಶ್ನೆ. ಟ್ರಿಮ್ಮರ್‌ಗೆ ಪ್ಲಂಜ್ ಬೇಸ್ (ತಿರುಗುವ ಬಿಟ್ಟನ್ನು ನೇರ ಕೆಳಗೆ ಇಳಿಸುವ ತಳ) ಇದೆಯಾ? ಇಲ್ಲದಿದ್ದರೆ ಗುಳಿಯ ನಡುವೆ ಬಿಟ್ ಹೇಗೆ ಇಳಿಸಿದಿರಿ?

ಕೇಳಿದವರು

ಪ್ಲಂಜ್ ಇಲ್ಲ ಸರ್. ಯಂತ್ರ ಓರೆ ಮಾಡಿ, ತಿರುಗುತ್ತಿರುವಾಗಲೇ ಮೆಲ್ಲಗೆ ಇಳಿಸಿದೆ.

ಇನ್ನೊಬ್ಬರು

ಅದು ಬೇಡ. ಓರೆ ಇದ್ದಾಗ ಬಿಟ್ಟಿನ ಒಂದು ಪಕ್ಕ ಮಾತ್ರ ಮರ ಕಚ್ಚುತ್ತದೆ, ಯಂತ್ರ ಎಗರುತ್ತದೆ. ಪ್ರತಿ ಗುಳಿಯ ನಡುವೆ ಮೊದಲು ಡ್ರಿಲ್‌ನಲ್ಲಿ ಅಗಲ ತೂತು ಮಾಡಿಕೊಳ್ಳಿ, ಬಿಟ್ಟಿಗಿಂತ ದೊಡ್ಡದು, ಗುಳಿಯ ಆಳಕ್ಕಿಂತ ಸ್ವಲ್ಪ ಕಡಿಮೆ. ಬಿಟ್ಟನ್ನು 3 ಮಿ.ಮೀ. ಆಳಕ್ಕೆ ಇಟ್ಟು ಆ ತೂತಿನ ಮೇಲೆ ಯಂತ್ರ ಕೂರಿಸಿ. ಮರಕ್ಕೆ ತಾಗದ ಹಾಗೆ ನೋಡಿಕೊಂಡು ಆನ್ ಮಾಡಿ, ಪೂರ್ತಿ ವೇಗ ಬಂದ ಮೇಲೆ ಪ್ರದಕ್ಷಿಣೆ ಶುರು ಮಾಡಿ. 14 ಗುಳಿ ಒಂದು ಸುತ್ತು ಮುಗಿಸಿ, ಆಮೇಲೆ ಇನ್ನೊಂದು 3 ಮಿ.ಮೀ. ಇಳಿಸಿ. ಯಂತ್ರ ಎತ್ತುವ ಮೊದಲು ಆಫ್ ಮಾಡಿ, ತಿರುಗುವುದು ನಿಲ್ಲುವ ತನಕ ಕಾಯಿರಿ.

ಬಳೆ, ದುಪಟ್ಟ, ಸಡಿಲ ತೋಳು ಬೇಡ. ಕೂದಲು ಕಟ್ಟಿಕೊಳ್ಳಿ. ಕೈಗವಸು ಕೂಡ ಹಾಕಬೇಡಿ, ಬಟ್ಟೆ ಸಿಕ್ಕಿದರೆ ಬೆರಳನ್ನೂ ಎಳೆಯುತ್ತದೆ. ಕನ್ನಡಕ, ಕಿವಿಗೆ ಮಫ್, ಒಳ್ಳೆಯ ಮಾಸ್ಕ್ ಬೇಕೇ ಬೇಕು. ಮರದ ಸಣ್ಣ ಹುಡಿಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ ಹೇಳಿದೆ. ಮೂಗಿಗೆ ಸುಮ್ನೆ ಕರ್ಚೀಫ್ ಕಟ್ಟಿದರೆ ಸಾಲದು.

ಹಲಗೆ ಎಸೆಯಬೇಡಿ. ಎಲ್ಲ ಗುಳಿಗಳನ್ನೂ 16ಕ್ಕೆ ಸಮ ಮಾಡಿದರೂ ಕೆಳಗೆ 14 ಮಿ.ಮೀ. ಮರ ಉಳಿಯುತ್ತದೆ. ಅಂಚಿನ ಕಚ್ಚನ್ನು ಕೀಸುಳಿಯಲ್ಲಿ ಹೆರೆದು ತೆಗೆಯಿರಿ.

ಕೇಳಿದವರು

ಎರಡು ಭಾನುವಾರ ಹಿಡಿಯಿತು. 6 ಎಂಎಂ ಕೊಲೆಟ್ ಮತ್ತು ಹೊಸ ಬಿಟ್ ತಂದೆ. ಮಾರ್ಕರ್ ಗೆರೆ ಎರಡೂ ಕಡೆ ಕದಲಲಿಲ್ಲ. 14 ಗುಳಿಯೂ 16 ಮಿ.ಮೀ., ಎಲ್ಲವನ್ನೂ ಅಳೆದೆ. ಅಂಚನ್ನು ಅಪ್ರದಕ್ಷಿಣೆಯಲ್ಲಿ ಮಾಡಿದೆ, ಯಂತ್ರ ಹೇಳಿದ ಮಾತು ಕೇಳಿತು! ಮೊದಲು ಉದ್ದದ ಬದಿ, ಆಮೇಲೆ ಅಗಲದ ಬದಿ ಮಾಡಿದೆ. ಅಗಲದ ಬದಿ ಮುಗಿಯುವ ಮೂಲೆಯಲ್ಲಿ ಮಾತ್ರ ಸಣ್ಣ ಚಕ್ಕೆ ಎದ್ದಿದೆ. ಅದು ಯಾಕೆ?

ಉತ್ತರ

ಅಗಲದ ಬದಿಯಲ್ಲಿ ಬಿಟ್ ಎಳೆಗೆ ಅಡ್ಡ ಹೋಗುತ್ತದೆ. ಮೂಲೆಯಲ್ಲಿ ಹಿಂದೆ ಆಸರೆ ಇಲ್ಲದೆ ಕೊನೆಯ ಎಳೆಗಳು ಸೀಳುತ್ತವೆ. ಮುಂದಿನ ಸಲ ಅಗಲದ ಬದಿ ಮೊದಲು ಮಾಡಿ, ಮೂಲೆಗೆ ಒಂದು ರದ್ದಿ ತುಂಡು ಒತ್ತಿ ಕ್ಲಾಂಪ್ ಹಾಕಿ. ಈ ಚಕ್ಕೆ ಬಿದ್ದು ಹೋಗಿಲ್ಲದಿದ್ದರೆ ಫೆವಿಕಾಲ್ ಹಚ್ಚಿ, ಒಂದು ರಾತ್ರಿ ಟೇಪ್ ಸುತ್ತಿಡಿ. ಬೆಳಿಗ್ಗೆ ಉಪ್ಪುಕಾಗದ ಉಜ್ಜಿದರೆ ಕಾಣುವುದಿಲ್ಲ. ಎಣ್ಣೆ ಹಚ್ಚಿದ ಮೇಲೆ ಒಂದು ಫೋಟೋ ಹಾಕಿ ಮೇಡಂ.