ಪದಚರ್ಚೆ: ಪೋಕರಿನ ‘ಬ್ಲೈಂಡ್’ಗೆ ‘ಮುಂಗಡ’ ಆದೀತೇ? ‘ಫೋಲ್ಡ್’ಗೆ ‘ಎಲೆ ಮಡಚು’?

ಗೆಳೆಯರೇ,

ಈ ಸಲ ಹೊಸತೊಡಕಿನ ದಿನ ನಮ್ಮ ಮನೆಯಲ್ಲಿ ‘ಬ್ಲೈಂಡ್’ ಅನ್ನುವ ಒಂದೇ ಪದಕ್ಕೆ ಅರ್ಧ ಗಂಟೆ ಜಗಳ ಆಯಿತು. ಇನ್ನೂ ಇತ್ಯರ್ಥ ಆಗಿಲ್ಲ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಯುಗಾದಿ ಬಂತೆಂದರೆ ನಮ್ಮ ಕಡೆ ಇಸ್ಪೀಟು ಹೊರಗೆ ಬರಲೇಬೇಕು. ಹಳೇ ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡಪ್ಪ ನಲವತ್ತು ವರ್ಷದಿಂದ ಮೂರೆಲೆ, ಅಂದರೆ ತೀನ್ ಪತ್ತಿ, ಆಡಿದವರು. ತಂಗಿಯ ಮಗ ಹಾಸ್ಟೆಲಿನಲ್ಲಿ ಟೆಕ್ಸಸ್ ಹೋಲ್ಡೆಮ್ ಅನ್ನುವ ಪೋಕರ್ ಆಟ ಕಲಿತು ಬಂದಿದ್ದ. ಅವನಿಗೆ ಕಲಿಸುವ ಹುಮ್ಮಸ್ಸು, ಇವರಿಗೆ ಕಲಿಯುವ ಚಪಲ. ನಡುವೆ ದುಭಾಷಿಯಾಗಿ ಸಿಕ್ಕಿಕೊಂಡವನು ನಾನು. ದುಡ್ಡಿನ ಬದಲು ಹುಣಸೆ ಬೀಜ ಇಟ್ಟುಕೊಂಡೆವು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬೊಬ್ಬರಿಗೂ ಎರಡೆರಡು ಎಲೆ ಮುಚ್ಚಿ ಕೊಡುತ್ತಾರೆ. ಆಮೇಲೆ ಎಲ್ಲರಿಗೂ ಸೇರಿದ ಐದು ಎಲೆ ನಡುವೆ ಬಿಚ್ಚಿ ಹಾಕುತ್ತಾರೆ. ಮೊದಲು ಒಟ್ಟಿಗೆ ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಪ್ರತಿ ಹಂತದಲ್ಲೂ ಪಣ ಕಟ್ಟುವ ಒಂದು ಸುತ್ತು. ಕೊನೆಗೆ ಈ ಏಳರಲ್ಲಿ ಯಾರ ಐದು ಎಲೆ ಜೋರೋ ಅವರಿಗೆ ಪಣದ ರಾಶಿ.

ಜಗಳ ಶುರುವಾಗಿದ್ದು ಎಲೆ ಹಂಚುವ ಮೊದಲೇ. ಈ ಆಟದಲ್ಲಿ ಹಂಚುವವರ ಎಡಕ್ಕೆ ಕೂತ ಇಬ್ಬರು ಕಡ್ಡಾಯವಾಗಿ ಒಂದಿಷ್ಟು ಕಟ್ಟಬೇಕು. ಮೊದಲನೆಯವರದು ಸ್ಮಾಲ್ ಬ್ಲೈಂಡ್, ಎರಡನೆಯವರದು ಬಿಗ್ ಬ್ಲೈಂಡ್. ಹುಡುಗ ‘ದೊಡ್ಡಜ್ಜ, ನೀವು ಬ್ಲೈಂಡು, ಹತ್ತು ಬೀಜ ಹಾಕಿ’ ಅಂದ. ದೊಡ್ಡಪ್ಪ ಹಾಕಿದರು. ಹಾಕಿ, ತಮ್ಮ ಎಲೆ ಮುಟ್ಟದೆ ಕೈ ಕಟ್ಟಿ ಕೂತರು. ಪಕ್ಕದವನು ಎಲೆ ನೋಡಿ ಹತ್ತು ಬೀಜ ಇಟ್ಟಾಗ ಗದರಿಸಿದರು: ‘ನೋಡಿದೀಯಲ್ಲಪ್ಪ, ಡಬಲ್ ಹಾಕು!’

ಅವರ ತಪ್ಪೇನಿಲ್ಲ. ಮೂರೆಲೆಯಲ್ಲಿ ‘ಬ್ಲೈಂಡ್’ ಅಂದರೆ ಎಲೆ ನೋಡದೆ ಆಡುವುದು. ಅದು ಆಡುವವನ ಧೈರ್ಯ, ಬೇಕಾದರೆ ಆಡಬಹುದು, ಬೇಡವಾದರೆ ನೋಡಬಹುದು. ನೋಡಿದವನು ನೋಡದವನ ಎರಡರಷ್ಟು ಕಟ್ಟಬೇಕು. ಹೋಲ್ಡೆಮ್‌ನಲ್ಲಿ ‘ಬ್ಲೈಂಡ್’ ಅಂದರೆ ಎಲೆ ಬರುವ ಮೊದಲೇ ತೆರಬೇಕಾದ ಕಡ್ಡಾಯದ ದುಡ್ಡು. ಕಟ್ಟಿದ ಮೇಲೆ ಎಲೆ ಧಾರಾಳವಾಗಿ ನೋಡಬಹುದು. ಒಂದರಲ್ಲಿ ಅದು ಆಡುವ ರೀತಿ, ಇನ್ನೊಂದರಲ್ಲಿ ಅದು ಕಂದಾಯ. ಪದ ಮಾತ್ರ ಒಂದೇ.

ಹಾಗಾದರೆ ಹೋಲ್ಡೆಮ್ ಬ್ಲೈಂಡಿಗೆ ಬೇರೆ ಪದ ಬೇಕಲ್ವಾ? ಮೊದಲು ಹೊಳೆದದ್ದು ‘ಮುಂಗಟ್ಟು’. ನಾವು ಬಾಜಿ ಕಟ್ಟುತ್ತೇವೆ, ಪಂಥ ಕಟ್ಟುತ್ತೇವೆ. ಮುಂದಾಗಿ ಕಟ್ಟುವುದು ಮುಂಗಟ್ಟು. ಮುಂಗೈ, ಮುಂಗಾಲು ಇದ್ದ ಹಾಗೆ. ಖುಷಿಯಿಂದ ಹೇಳಿದರೆ ದೊಡ್ಡಮ್ಮ ಅಡುಗೆಮನೆಯಿಂದಲೇ ‘ಯಾವತ್ತು ಬಂದ್?’ ಅಂದರು. ಹೌದು, ಪತ್ರಿಕೆಗಳು ಬಂದ್ ಸುದ್ದಿಯಲ್ಲಿ ತಪ್ಪದೆ ಬರೆಯುವ ‘ಅಂಗಡಿ ಮುಂಗಟ್ಟು’ಗಳು ಆ ಜಾಗ ಎಂದೋ ಹಿಡಿದಿವೆ.

ಆಮೇಲೆ ಸಿಕ್ಕಿದ್ದು ‘ಮುಂಗಡ’. ಇದರ ಮೇಲೆ ನನಗೆ ಜಾಸ್ತಿ ಪ್ರೀತಿ. ಯಾಕೆಂದರೆ ಲೆಕ್ಕವೂ ಹೊಂದುತ್ತದೆ. ಚಿಕ್ಕ ಮುಂಗಡ ಐದು, ದೊಡ್ಡ ಮುಂಗಡ ಹತ್ತು ಅಂದುಕೊಳ್ಳಿ. ಆಟದಲ್ಲಿ ಉಳಿಯಲು ಬೇರೆಯವರು ಹತ್ತು ಕಟ್ಟಬೇಕು, ಚಿಕ್ಕ ಮುಂಗಡದವನು ಇನ್ನು ಐದು ಕಟ್ಟಿದರೆ ಸಾಕು. ಮೊದಲು ಕೊಟ್ಟದ್ದು ಜಮಾ ಆಗುತ್ತದೆ. ಮುಂಗಡದ ಗುಣವೇ ಅದು. ಒಂದೇ ಕೊರತೆ, ಆಟ ಬಿಟ್ಟರೆ ಈ ಮುಂಗಡ ವಾಪಸ್ ಬರುವುದಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡಿ, ಬಣ್ಣದ ಖರ್ಚು ಮುರಿದುಕೊಂಡ ಮೇಲೆ ಉಳಿದದ್ದನ್ನು ಎಣಿಸಿದವನಿಗೆ ಇದೇನೂ ಹೊಸದಲ್ಲ ಬಿಡಿ.

ಇನ್ನು ‘ಫೋಲ್ಡ್’. ಎಲೆ ಚೆನ್ನಾಗಿಲ್ಲ, ಈ ಸಲದ ಆಟ ಬೇಡ ಅಂತ ಕೈಬಿಡುವುದು. ಮೂರೆಲೆಯವರು ‘ಪ್ಯಾಕ್’ ಅನ್ನುತ್ತಾರೆ. ದೊಡ್ಡಪ್ಪ ಮೂರನೇ ಸುತ್ತಿನಲ್ಲಿ ತಾವಾಗಿಯೇ ‘ನಾನು ಎಲೆ ಮಡಚಿದೆ’ ಅಂದರು. ನಾನು ಬೆರಗಾದೆ. ಇಸ್ಪೀಟಿನದೂ ಎಲೆ, ಊಟದ್ದೂ ಎಲೆ. ಊಟ ಸಾಕಾದವನು ಬಾಳೆ ಎಲೆ ಮಡಚುತ್ತಾನೆ. ಮಡಚಿದ ಮೇಲೆ ಬಡಿಸುವವನು ಪಾಯಸ ತಂದರೂ ಮುಂದೆ ಹೋಗುತ್ತಾನೆ. ಆಟದಲ್ಲೂ ಹಾಗೇ, ಬಿಟ್ಟ ಮೇಲೆ ನಡುವೆ ಎಂಥ ಎಲೆ ಬಂದರೂ ನಿನಗಿಲ್ಲ. ಬಿಟ್ಟ ಎಲೆಗಳನ್ನು ಹಂಚುವವನು ಒಂದು ಕಡೆ ಗುಡ್ಡೆ ಹಾಕುತ್ತಾನೆ, ಅದಕ್ಕೆ ‘ಮಕ್’ ಅಂತ ಹೆಸರು. ಅಲ್ಲಿಂದ ಯಾರೂ ಎಲೆ ವಾಪಸ್ ತೆಗೆಯುವಂತಿಲ್ಲ. ‘ಎಂಜಲೆಲೆ’ ಅಂತ ನಾನೇ ಕರೆದೆ. ಎಲ್ಲರಿಗೂ ನಿಯಮ ಕೂಡಲೇ ಅರ್ಥವಾಯಿತು, ಯಾರೂ ಕೈ ಹಾಕಲಿಲ್ಲ!

‘ಕಾಲ್’ ಅಂದರೆ ಎದುರಿನವರು ಕಟ್ಟಿದಷ್ಟೇ ಕಟ್ಟುವುದು. ಹುಡುಗ ‘ಕಾಲ್ ಮಾಡಿ’ ಅಂದಾಗ ದೊಡ್ಡಪ್ಪ ‘ಯಾರಿಗೆ?’ ಅಂದರು. ಇದಕ್ಕೆ ನಮ್ಮಲ್ಲಿ ‘ಸರಿಗಟ್ಟು’ ಸಿದ್ಧವಾಗೇ ಇದೆ. ಒಳಗೆ ‘ಕಟ್ಟು’ ಕೂಡ ಕೂತಿದೆ. ‘ರೇಸ್’ಗೆ ‘ಏರಿಸು’ ಸಾಕು. ಇದ್ದದ್ದೆಲ್ಲ ನೂಕುವ ‘ಆಲ್ ಇನ್’ಗೆ ‘ಇಡಿಗಂಟು’ ಅಂದರೆ ಹೇಗೆ? ‘ಚೆಕ್’ಗೆ, ಅಂದರೆ ಏನೂ ಕಟ್ಟದೆ ಸರದಿ ದಾಟಿಸುವುದಕ್ಕೆ, ದೊಡ್ಡಪ್ಪ ‘ಸುಮ್ನೆ’ ಅಂತ ಮೇಜು ತಟ್ಟುತ್ತಾರೆ. ಇದನ್ನು ತಿದ್ದಲು ನನಗೆ ಮನಸ್ಸಿಲ್ಲ.

‘ಬ್ಲಫ್’ ಮಾತ್ರ ಕಷ್ಟ ಕೊಡುತ್ತಿದೆ. ‘ಬುರುಡೆ’, ‘ಓಳು’, ‘ರೈಲು’ ಎಲ್ಲವೂ ಬಾಯಲ್ಲಿ ಬಿಡುವಂಥವು. ಪೋಕರಿನಲ್ಲಿ ಬಾಯಿ ಮುಚ್ಚಿಕೊಂಡೇ ಬೆದರಿಸಬೇಕು. ಕೈಯಲ್ಲಿ ಏನಿಲ್ಲದಿದ್ದರೂ ದೊಡ್ಡದಾಗಿ ಕಟ್ಟಿ ಎದುರಿನವನು ಎಲೆ ಮಡಚುವಂತೆ ಮಾಡಬೇಕು. ‘ಬೆದರುಬೊಂಬೆ ನಿಲ್ಲಿಸಿದ’ ಅನ್ನಬಹುದೇ? ಹೊಲದ ನಡುವೆ ಮಾತಾಡದೆ ನಿಂತು ಹಕ್ಕಿ ಓಡಿಸುವುದು ಅದೇ ತಾನೇ. ಉದ್ದ ಜಾಸ್ತಿ ಆಯಿತು ಅನ್ನುವ ಅಳುಕಿದೆ.

ಇನ್ನೊಂದು ಗೊಂದಲ ‘ಫ್ಲಷ್’ನದು. ಹಿರಿಯರಲ್ಲಿ ಹಲವರು ಮೂರೆಲೆ ಆಟವನ್ನೇ ಫ್ಲಷ್ ಅನ್ನುತ್ತಾರೆ. ಪೋಕರಿನಲ್ಲಿ ಅದು ಒಂದೇ ಜಾತಿಯ ಐದು ಎಲೆ, ಮೂರೆಲೆಯ ಭಾಷೆಯಲ್ಲಿ ‘ಕಲರ್’. ಸಾಲಾಗಿ ಬಂದರೆ ಇಲ್ಲಿ ‘ಸ್ಟ್ರೇಟ್’, ಅಲ್ಲಿ ‘ಸೀಕ್ವೆನ್ಸ್’. ಹಾಗಾದರೆ ಕಲರ್, ಸೀಕ್ವೆನ್ಸ್ ಅಂತಲೇ ಹೇಳಿಕೊಟ್ಟರಾಯಿತು ಅಂದುಕೊಂಡೆ. ದೊಡ್ಡಪ್ಪ ಐದರಿಂದ ಒಂಬತ್ತರವರೆಗೆ ಸೀಕ್ವೆನ್ಸ್ ಬಿಚ್ಚಿ ರಾಶಿಗೆ ಕೈ ಚಾಚಿದರು. ಹುಡುಗನ ಕೈಯಲ್ಲಿ ಕಳಾವರದ ಕಲರ್. ಪೋಕರಿನಲ್ಲಿ ಕಲರ್ ದೊಡ್ಡದು, ಮೂರೆಲೆಯಲ್ಲಿ ಸೀಕ್ವೆನ್ಸ್ ದೊಡ್ಡದು! ಇದು ಸುಮ್ನೆ ಮಾಡಿದ ನಿಯಮವಲ್ಲ. 52 ಎಲೆಗಳಿಂದ ಮೂರನ್ನು 22,100 ಬಗೆಯಲ್ಲಿ ಆರಿಸಬಹುದು. ಒಂದೇ ಜಾತಿಯ ಸಾಲನ್ನು ಬಿಟ್ಟರೆ ಅದರಲ್ಲಿ ಸೀಕ್ವೆನ್ಸ್ 720, ಕಲರ್ 1,096. ಐದೆಲೆಯಾದರೆ ಒಟ್ಟು 25,98,960 ಬಗೆ, ಅದರಲ್ಲಿ ಸ್ಟ್ರೇಟ್ 10,200, ಫ್ಲಷ್ 5,108. ಯಾವುದು ಅಪರೂಪವೋ ಅದಕ್ಕೆ ಬೆಲೆ. ಲೆಕ್ಕ ಕೇಳಿ ದೊಡ್ಡಪ್ಪ ಒಪ್ಪಿದರು, ಬೀಜ ಕೊಡುವಾಗ ಮಾತ್ರ ಗೊಣಗಿದರು. ಹಳೇ ಪದ ಇಟ್ಟುಕೊಂಡರೆ ಹಳೇ ನಿಯಮವೂ ಜೊತೆಗೆ ಬರುತ್ತದೆ ಅನ್ನುವುದು ನನ್ನ ಚಿಂತೆ. ಹಾಗಾಗಿ ಈ ಎರಡಕ್ಕೆ ಫ್ಲಷ್, ಸ್ಟ್ರೇಟ್ ಅಂತಲೇ ಬಿಡೋಣ ಅನ್ನಿಸುತ್ತದೆ. ಹೇಗೂ ಇಸ್ಪೀಟಿನ ಪದಗಳಲ್ಲಿ ಎಷ್ಟೋ ಹೊರಗಿನಿಂದ ಬಂದವೇ. ‘ಇಸ್ಪೀಟು’ ಪೋರ್ಚುಗೀಸರ ಕತ್ತಿ, ‘ಎಸ್ಪಾದ’. ‘ಕಳಾವರ’ ಡಚ್ಚರ ‘ಕ್ಲಾವರ್’. ಒಂದು ಜಾತಿಯ ಹೆಸರು ಇಡೀ ಕಟ್ಟಿಗೇ ಅಂಟಿಕೊಂಡಾಗ ಯಾರೂ ತಕರಾರು ಮಾಡಿದಂತಿಲ್ಲ.

ಇಷ್ಟು ದಿನ ಈ ಪ್ರಶ್ನೆ ಯಾಕೆ ಏಳಲಿಲ್ಲ ಅಂತ ಕೇಳಬಹುದು. ಫೋನಿನಲ್ಲಿ ಆಡುವವನು ಗುಂಡಿ ಒತ್ತುತ್ತಾನೆ, ಬಾಯಿ ಬಿಡಬೇಕಿಲ್ಲ. ಚಾಪೆಯ ಮೇಲೆ ಹುಣಸೆ ಬೀಜ ಇಟ್ಟು ಆಡುವಾಗ ಮಾತಾಡಲೇಬೇಕು, ಅದೂ ಮನೆಯ ಮಾತಿನಲ್ಲಿ.

ನಡುವೆ ಬಿಚ್ಚುವ ಎಲೆಗಳ ಹೆಸರು ಬಾಕಿ ಇದೆ: ಮೊದಲ ಮೂರು ಫ್ಲಾಪ್, ನಾಲ್ಕನೆಯದು ಟರ್ನ್, ಕೊನೆಯದು ರಿವರ್. ‘ಫ್ಲಾಪ್ ಚೆನ್ನಾಗಿದೆ’ ಅಂದರೆ ಸಿನಿಮಾ ನೋಡುವ ನಮ್ಮವರಿಗೆ ತಲೆ ಕೆಡುತ್ತದೆ. ಕೊನೆಯ ಎಲೆಗೆ ‘ಹೊಳೆ’ ಅಂದರೆ ಚಂದ. ಮೊದಲ ಎರಡಕ್ಕೆ ನನ್ನಲ್ಲಿ ಏನೂ ಇಲ್ಲ.

ಮತ್ತೆ ‘ಕಿಕ್ಕರ್’, ಅಂದರೆ ಜೋಡಿ ಸಮವಾದಾಗ ಗೆಲುವು ತೀರ್ಮಾನಿಸುವ ಪಕ್ಕದ ಎಲೆ. ನಡುವೆ ರಾಜ, ಎಂಟು, ಐದು, ಮೂರು, ಎರಡು ಬಿದ್ದಿವೆ, ಫ್ಲಷ್ ಯಾರಿಗೂ ಇಲ್ಲ. ನನ್ನ ಕೈಯಲ್ಲಿ ರಾಜ, ರಾಣಿ. ನಿಮ್ಮ ಕೈಯಲ್ಲಿ ರಾಜ, ಗುಲಾಮ. ಇಬ್ಬರಿಗೂ ರಾಜನ ಜೋಡಿ, ಆದರೆ ರಾಣಿಯ ಬಲದಿಂದ ನಾನು ಗೆದ್ದೆ. ಆ ರಾಣಿಗೆ ‘ಒತ್ತಾಸೆ’ ಅನ್ನೋಣ ಅಂತ ನಾನು, ‘ಕೈ ಹಿಡಿದವಳು’ ಅಂತ ದೊಡ್ಡಪ್ಪ. ಒಂಬತ್ತೋ ಹತ್ತೋ ಆ ಕೆಲಸ ಮಾಡಿದಾಗ ಏನನ್ನುತ್ತೀರಿ ಅಂದರೆ ಉತ್ತರ ಇಲ್ಲ. ನಿಮ್ಮ ಊರ ಕಡೆ ಇಸ್ಪೀಟಿನ ಚಾಪೆಯ ಮೇಲೆ ಇಂಥ ಎಲೆಗೆ ಏನಾದರೂ ಹೆಸರಿದೆಯೇ? ಧಾರವಾಡ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ. ದೀಪಾವಳಿಗೆ ದೊಡ್ಡಪ್ಪ ಮತ್ತೆ ಬರುತ್ತಿದ್ದಾರೆ, ಬೀಜ ಈಗಲೇ ತೊಳೆದು ಒಣಗಿಸಿಟ್ಟಿದ್ದಾರಂತೆ.