‘ಐಡಿಯಾದಲ್ಲಿ ವಿಲೀನ’ವೋ, ‘ಐಡಿಯಾ ಜೊತೆ ವಿಲೀನ’ವೋ?

ಪ್ರಶ್ನೆ: ಕರ್ನಾಟಕದ ಹಳೆಯ 9844 ನಂಬರುಗಳ (9844ರಿಂದ ಶುರುವಾಗುವ ಮೊಬೈಲ್ ನಂಬರುಗಳ) ಕಂಪನಿಯ ಇತಿಹಾಸವನ್ನು ತಿದ್ದುತ್ತಿದ್ದೇನೆ. ಸ್ಪೈಸ್ ಹೋಗಿ ಐಡಿಯಾ, ಆಮೇಲೆ ವೊಡಾಫೋನ್ ಐಡಿಯಾ, ಈಗ ‘ವಿ’. ಲೇಖಕರು ಎಲ್ಲ ಕಡೆಯೂ ‘ಜೊತೆ ವಿಲೀನವಾಯಿತು’ ಎಂದೇ ಬರೆದಿದ್ದಾರೆ. ಹಾಗೇ ಬಿಡಬಹುದೇ?

ಉತ್ತರ: ದಯವಿಟ್ಟು ಬಿಡಬೇಡಿ. ಒಂದೇ ಪದದಡಿ ಮೂರು ಬೇರೆ ವ್ಯವಹಾರಗಳು ಮುಚ್ಚಿಹೋಗುತ್ತವೆ.

2008ರಲ್ಲಿ ಐಡಿಯಾ ಮೊದಲು ಕೊಂಡದ್ದು ಸ್ಪೈಸ್ ಕಮ್ಯುನಿಕೇಷನ್ಸ್‌ನಲ್ಲಿ ಬಿ.ಕೆ. ಮೋದಿ ಬಳಗಕ್ಕಿದ್ದ ಶೇ 40.8 ಷೇರನ್ನು. ಹಿಡಿತ ಕೈಬದಲಾಯಿತು, ಕಂಪನಿ ಇನ್ನೂ ಇತ್ತು. ಇದು ‘ಸ್ವಾಧೀನ’. ಭೂಸ್ವಾಧೀನದ ನೆನಪಾಗಿ ಪದ ಒರಟೆನಿಸಿದರೆ ‘ಐಡಿಯಾದ ಕೈಸೇರಿತು’ ಎನ್ನಿ, ಅರ್ಥ ಕೆಡುವುದಿಲ್ಲ. ಆಮೇಲೆ, ಹೈಕೋರ್ಟ್ ಒಪ್ಪಿದ ಯೋಜನೆಯಂತೆ ಸ್ಪೈಸ್ ಎಂಬ ಕಂಪನಿಯೇ ಇಲ್ಲವಾಗಿ ಅದರ ಆಸ್ತಿ, ಸಾಲ ಐಡಿಯಾದ ಪಾಲಿಗೆ ಬಂದವು. ‘ವಿಲೀನ’ ಸಲ್ಲುವುದು ಈ ಹಂತಕ್ಕೆ ಮಾತ್ರ.

ಇನ್ನು ವಿಭಕ್ತಿ. ವಿಲೀನ ಎಂದರೆ ಕರಗಿಹೋಗುವುದು. ಕರಗುವುದು ಒಂದರ ‘ಒಳಗೆ’. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ‘ಯಲ್ಲಿ’ ವಿಲೀನವಾಯಿತು, ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ‘ದಲ್ಲಿ’. ಯಾವುದು ಉಳಿಯಿತೆಂದು ‘-ಅಲ್ಲಿ’ ಪ್ರತ್ಯಯವೇ ಹೇಳುತ್ತದೆ. ‘ಜೊತೆ’ ಎಂದೊಡನೆ ಆ ಸುಳಿವು ಅಳಿಸಿಹೋಗುತ್ತದೆ.

2018ರ ಆಗಸ್ಟ್ 31ರ ವಿಷಯದಲ್ಲಿ ಎಡವುವವರು ಬಹಳ. ವೊಡಾಫೋನ್ ದೊಡ್ಡದು, ಹೆಸರಲ್ಲೂ ಮೊದಲು ಬರುತ್ತದೆ. ಹಾಗಾಗಿ ‘ಐಡಿಯಾ ವೊಡಾಫೋನ್‌ನಲ್ಲಿ ವಿಲೀನ’ ಎಂದು ಬರೆದುಬಿಡುತ್ತಾರೆ. ಆದದ್ದು ತಿರುಗಾಮುರುಗಾ. ಉಳಿದದ್ದು ಷೇರುಪೇಟೆಯಲ್ಲಿದ್ದ ಐಡಿಯಾ ಸೆಲ್ಯುಲಾರ್; ವೊಡಾಫೋನ್ ಇಂಡಿಯಾ ಅದರೊಳಗೆ ಬಂತು, ಆಮೇಲೆ ಐಡಿಯಾದ ಹೆಸರು ‘ವೊಡಾಫೋನ್ ಐಡಿಯಾ ಲಿಮಿಟೆಡ್’ ಆಯಿತು. ವಿಲೀನದ ಹೊತ್ತಿಗೆ ಷೇರಿನಲ್ಲಿ ದೊಡ್ಡ ಪಾಲು, ಸುಮಾರು ಶೇ 45, ವೊಡಾಫೋನ್ ಬಳಗದ್ದೇ ಆಗಿತ್ತು ಎಂಬುದು ನಿಜ. ಆದರೆ ಒಡೆತನದ ಲೆಕ್ಕ ಬೇರೆ, ವಿಲೀನದ ದಿಕ್ಕು ಬೇರೆ.

2007ರಲ್ಲಿ ಹಚ್ ವೊಡಾಫೋನ್ ಆದದ್ದು ಷೇರು ಖರೀದಿಯಿಂದ, ಅಲ್ಲಿ ವಿಲೀನವೇ ಇಲ್ಲ. 2020ರ ಸೆಪ್ಟೆಂಬರ್ 7ರ ‘ವಿ’ ಬರಿಯ ಬ್ರ್ಯಾಂಡ್; ಕಂಪನಿಯ ಹೆಸರು ಆಗಲೂ ಬದಲಾಗಲಿಲ್ಲ. ‘ಮರುನಾಮಕರಣ’ ಎಂದರೆ ತಪ್ಪು, ‘ಹೊಸ ಬ್ರ್ಯಾಂಡ್ ಹೆಸರು’ ಸಾಕು.

‘9844’ರ ಬಗ್ಗೆಯೂ ಒಂದು ಮಾತು. ಸಿಮ್‌ನೊಳಗಿನ 15 ಅಂಕಿಯ ಐಎಂಎಸ್‌ಐ (ನೆಟ್‌ವರ್ಕ್ ಗ್ರಾಹಕರನ್ನು ಗುರುತಿಸುವ) ಸಂಖ್ಯೆಯಲ್ಲಿ ಮೊದಲ ಮೂರು ದೇಶದ್ದು, ಮುಂದಿನ ಎರಡು ಅಥವಾ ಮೂರು ನೆಟ್‌ವರ್ಕಿನದು. ಕರ್ನಾಟಕದಲ್ಲಿ ಸ್ಪೈಸ್‌ಗೆ 404-44, ಏರ್‌ಟೆಲ್‌ಗೆ 404-45, ಹಚ್‌ಗೆ 404-86. 9844, 9845, 9886ರ ಕೊನೆಯ ಎರಡಂಕಿ ಇವೇ. ಸ್ಪೈಸ್ ಹೆಸರು ಹೋದ ಮೇಲೂ 44 ಐಡಿಯಾದ ಸಿಮ್‌ಗಳಲ್ಲಿ ಉಳಿಯಿತು. ಆದರೆ 2011ರ ಜನವರಿಯಲ್ಲಿ ನಂಬರ್ ಪೋರ್ಟಬಿಲಿಟಿ (ನಂಬರು ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ) ದೇಶವಿಡೀ ಬಂದ ಮೇಲೆ ನಂಬರು ನೋಡಿ ಕಂಪನಿ ಹೇಳಲಾಗದು: ಪೋರ್ಟ್ ಮಾಡಿಸಿದರೆ ನಂಬರು ಅದೇ ಇರುತ್ತದೆ, ಹೊಸ ಸಿಮ್‌ನ ಐಎಂಎಸ್‌ಐ ಬೇರೆಯಾಗುತ್ತದೆ. ಆದ್ದರಿಂದ ‘9844 ನಂಬರುಗಳ ಕಂಪನಿ’ ಎಂದಿರುವಲ್ಲಿ ‘ಸ್ಪೈಸ್‌ಗೆ ಮೊದಲು ಹಂಚಿಕೆಯಾದ 9844 ಸರಣಿ’ ಎಂದು ತಿದ್ದಿ.